ಶಾಂತವ್ವನ ಜಾಗದಲ್ಲಿ ನಮ್ಮ ಗಾಲಿಮನೆ

ಆ ಭಾನುವಾರ ಟಿಕೋಟಾದ ಅಂಚಿನ ನಮ್ಮ ಮನೆಯ ಮುಂದೆ ಐದು ಜನ ಕುಳಿತಿದ್ದೆವು: ನಾನು, ನನ್ನ ಹೆಂಡತಿ ಶಾರದಾ, ಜಾಗದ ಒಡತಿ ಶಾಂತವ್ವ, ಮನೆ ಕೊಳ್ಳಲು ಬಂದಿದ್ದ ಮಮದಾಪುರದ ಟೇಲರ್ ಮಲ್ಲಪ್ಪ ಮತ್ತು ಅವನ ಹೆಂಡತಿ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ನಿವೃತ್ತ ಮಾಸ್ತರ. ವರ್ಷಗಟ್ಟಲೆ ಮಕ್ಕಳನ್ನು ಸುಮ್ಮನೆ ಕೂರಿಸಿದವನಿಗೆ ತಾನು ಸುಮ್ಮನೆ ಕೂರುವುದು ಬರುವುದಿಲ್ಲ.

ನಮ್ಮದು ತಗಡಿನ ಗೋಡೆಯ, ಎರಡು ಕೋಣೆಯ ಗಾಲಿಮನೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಶಾಂತವ್ವನ ಜಾಗದಲ್ಲಿ ನಿಲ್ಲಿಸಿದ್ದೆವು. ಅಲ್ಲಿ ಅಂಥವು ಇನ್ನೂ ಐದಿವೆ. ಮನೆ ನಮ್ಮದು, ನೆಲ ಶಾಂತವ್ವನದು. ಅವಳಿಗೆ ಒಪ್ಪಿಗೆಯಾದವರೇ ಅಲ್ಲಿ ಇರಬೇಕೆಂಬುದು ಮೊದಲ ದಿನದ ಮಾತು. ಶಾರದಾ ನರ್ಸ್. ಬಬಲೇಶ್ವರಕ್ಕೆ ವರ್ಗವಾದಂದಿನಿಂದ ಟಿಕೋಟಾದಿಂದ ವಿಜಯಪುರಕ್ಕೊಂದು ಬಸ್ಸು, ಅಲ್ಲಿಂದ ಬಬಲೇಶ್ವರಕ್ಕೊಂದು, ಸಂಜೆ ಮತ್ತೆರಡು. ಅದಕ್ಕೇ ಮನೆ ಮಾರಿ ಬಬಲೇಶ್ವರಕ್ಕೇ ಹೋಗುವುದೆಂದು ನಿಶ್ಚಯವಾಗಿತ್ತು. “ಈ ಮನಿ ಮೊದಲ ಹೋಗ್ತದೋ, ನನ್ನ ಮೊಣಕಾಲ ಮೊದಲ ಹೋಗ್ತಾವೋ ನೋಡೂಣ” ಎನ್ನುತ್ತ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ಗಾಲಿ ಇವೆಯಲ್ಲ, ಮನೆಯನ್ನೇ ಎಳೆದುಕೊಂಡು ಹೋಗಿ ಎನ್ನುತ್ತೀರಿ. ಊರೆಲ್ಲ ಅದನ್ನೇ ಅಂದಿತು. ಆದರೆ ಹಿರಿಯರ ಕೈಯಲ್ಲಿ ಬೆಳೆದ ನನಗೆ ಕಟ್ಟೆಯಿಲ್ಲದ್ದು ಮನೆ ಅನ್ನಿಸುವುದಿಲ್ಲ. ಬಂದ ವರ್ಷವೇ ಸುತ್ತಲೂ ಕಲ್ಲು ಸಿಮೆಂಟಿನ ಕಟ್ಟೆ ಕಟ್ಟಿಸಿದೆ. ನಾಲ್ಕೂ ಗಾಲಿ ಅದರೊಳಗೆ ಹೂತುಹೋದವು. ಈಗ ಕಟ್ಟೆ ಒಡೆದರೆ ತಗಡೂ ಕಿತ್ತು ಬರುತ್ತದೆ ಎಂದ ಗೌಂಡಿ. ಕೊಂಡು ಎಳೆದೊಯ್ಯಲು ಬಂದವರು ಬಗ್ಗಿ ಗಾಲಿ ಹುಡುಕಿ, ಎದ್ದು ನನ್ನ ಮುಖ ನೋಡಿ ಹೋಗಿಬಿಡುತ್ತಿದ್ದರು.

ಅಲ್ಲೇ ಇರುತ್ತೇವೆ ಎಂದು ಬಂದವರನ್ನು ಶಾಂತವ್ವ ಓಡಿಸುತ್ತಿದ್ದಳು. ಒಬ್ಬ ಚಹಾ ಬೇಡವೆಂದ. “ಚಾ ಬ್ಯಾಡ ಅನ್ನಾಂವ ನಾಳೆ ಮಂದಿ ಜೋಡಿ ಹೆಂಗ ಹೊಂದ್ತಾನ್ರಿ ಮಾಸ್ತರ? ಬ್ಯಾಡ.” ಇನ್ನೊಬ್ಬಳು ಒಳ್ಳೆಯ ಸರಕಾರಿ ನೌಕರಿಯವಳು. “ನನ್ನ ಮಾತಿಗೆ ಹೂಂ ಹೂಂ ಅಂದ್ಲು, ನೋಡಿದ್ದು ಮಾತ್ರ ಫೋನ್. ಬ್ಯಾಡ.” ಕನ್ಯಾ ನೋಡಲು ಬಂದವರೂ ಇಷ್ಟು ಕೊಸರಾಡುವುದಿಲ್ಲ. ನನ್ನ ತಲೆ ಕೆಟ್ಟು ಹೋಗಿತ್ತು.

ಮಲ್ಲಪ್ಪ ಮಾತ್ರ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಎರಡು ಸಲ ಚಹಾ ಕುಡಿದ. ಅವನ ಹೆಂಡತಿ ಶಾಂತವ್ವನ ಕುಪ್ಪಸದ ಹೊಲಿಗೆ ಬಿಟ್ಟದ್ದನ್ನು ಕಂಡು, “ಕೊಡ್ರಿ ಆಯಿ, ನಾಳೆ ಹೊಲದು ಕೊಡ್ತೀನಿ” ಅಂದಳು. ಶಾಂತವ್ವ, “ಇವ್ರು ಇರಲಿ” ಎಂದಳು. ಶಾರದಾ ನನ್ನತ್ತ ನೋಡಿದಳು. ಸುಮ್ಮನಿರಿ ಎಂಬ ನೋಟ ಅದು. ನನಗೆ ಚೆನ್ನಾಗಿ ತಿಳಿಯಿತು. ಆದರೆ ನಮ್ಮ ಅಜ್ಜ ಎತ್ತು ಮಾರುವಾಗ ಅದು ಯಾವ ಕಾಲಿನಿಂದ ಒದೆಯುತ್ತದೆಂದು ಹೇಳಿಯೇ ಹಗ್ಗ ಕೊಡುತ್ತಿದ್ದ. “ಮಲ್ಲಪ್ಪ, ಒಂದು ಮಾತು” ಎಂದು ಶುರುಮಾಡಿದೆ. ಬೇಸಿಗೆಯಲ್ಲಿ ತಗಡು ರೊಟ್ಟಿ ಹಂಚಿನಂತೆ ಕಾಯುತ್ತದೆ, ಲಾರಿ ಹೋದರೆ ಪಾತ್ರೆಗಳು ಭಜನೆ ಮಾಡುತ್ತವೆ, ಗಾಳಿ ಬಂದರೆ ಅಡುಗೆಕೋಣೆಯ ಕಿಟಕಿ ತಾನೇ ತೆರೆದುಕೊಳ್ಳುತ್ತದೆ. ಒಂದೊಂದು ಮಾತಿಗೂ ಮಲ್ಲಪ್ಪನ ಮುಖ ಸಣ್ಣದಾಗುತ್ತ ಹೋಯಿತು. “ವಿಚಾರ ಮಾಡಿ ಹೇಳ್ತೀವ್ರಿ” ಎಂದು ಎದ್ದ.

ಶಾರದಾ ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಮರುದಿನ ಬೆಳಿಗ್ಗೆ, “ಬಬಲೇಶ್ವರದಾಗ ಬಾಡಿಗಿ ಮನಿ ನೋಡ್ಕೊಂಡ ಬರ್ರಿ. ಅವಸರ ಬ್ಯಾಡ, ಅಲ್ಲೇ ನಮ್ಮಣ್ಣನ ಮನಿಯಾಗ ಎರಡ ದಿನ ಇದ್ದಽ ಬರ್ರಿ” ಎಂದಳು. ಮಾರುವುದಕ್ಕೆ ಬಾರದಿದ್ದರೂ ಆರಿಸುವುದಕ್ಕೆ ನಾನೇ ಬೇಕಾಯಿತಲ್ಲ ಎಂದು ಹಿಗ್ಗಿ ಹೊರಟೆ.

ಮೂರನೆಯ ದಿನ ಮರಳಿದಾಗ ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಮನೆ ಶಾರದಾಳ ಹೆಸರಿನಲ್ಲಿತ್ತು. ಮಲ್ಲಪ್ಪನನ್ನು ಮತ್ತೆ ಕರೆಸಿ ಒಪ್ಪಿಸಿ, ಸಹಿ ಮಾಡಿ ಮುಗಿಸಿದ್ದಳು. ನಮ್ಮ ಸಾಮಾನೆಲ್ಲ ಗಂಟುಕಟ್ಟಿ ಶಾಂತವ್ವನ ಪಡಸಾಲೆಯಲ್ಲಿತ್ತು. “ಗಿರಾಕಿ ಓಡ್ಸೂದ್ರಾಗ ನೀವು ನನಗಿಂತ ಜೋರ ಅದೀರಿ ಮಾಸ್ತರ. ನಿಮ್ಮನ್ನ ಊರಾಗ ಇಟ್ಕೋಬ್ಯಾಡ ಅಂತ ಶಾರದಾಗ ನಾನಽ ಹೇಳಿದೆ” ಎಂದಳು ಶಾಂತವ್ವ. ಮಲ್ಲಪ್ಪ ಸ್ಟೂಲು ತಂದು ಹಾಕಿ, “ಬರ್ರಿ, ಕುಂದರ್ರಿ” ಎಂದ. ಕುಳಿತೆ.

ಮುಂದಿನ ಸೋಮವಾರ ಶಾರದಾ ಬಬಲೇಶ್ವರದಲ್ಲಿ ನಡೆದುಕೊಂಡೇ ಕೆಲಸಕ್ಕೆ ಹೋದಳು. ಬಾಡಿಗೆ ಮನೆಯನ್ನು ಅವಳೇ ಫೋನಿನಲ್ಲಿ ಗೊತ್ತುಮಾಡಿದ್ದಳು. ನಾನು ಎರಡು ದಿನ ಸುತ್ತಿ ನೋಡಿಬಂದ ಮೂರು ಮನೆಗಳಲ್ಲಿ ಅದು ಇರಲಿಲ್ಲ.