ವಾಲಿದ ಟೈಲ್ಸ್

ತಾಷ್ಕೆಂಟಿನಲ್ಲಿ ಮನೆ ದುರಸ್ತಿಗೆ ಬಂದ ಕೆಲಸಗಾರರು ಕೆಲಸ ಮುಗಿಯುವವರೆಗೆ ಅದೇ ಮನೆಯಲ್ಲಿ ವಾಸಿಸುವುದು ಪದ್ಧತಿ. ಕೆಲಸ ಯಾವಾಗ ಮುಗಿಯಬೇಕೆಂಬ ಬಗ್ಗೆ ಪದ್ಧತಿ ಏನನ್ನೂ ಹೇಳುವುದಿಲ್ಲ.

ಉಕ್ತಾಮ್ ಇದನ್ನು ಗಮನಿಸಿರಲಿಲ್ಲ. ಮದುವೆಯಾದಂದಿನಿಂದ ಮನೆಯಳಿಯನಾಗಿದ್ದ ಅವನು, ಹಳೆಯ ಫ್ಲಾಟೊಂದನ್ನು ಕೊಂಡು, ದುರಸ್ತಿ ಮಾಡಿಸಿ, ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಲ್ಲಿ ಹೆಂಡತಿಯೊಡನೆ ಬೇರೆ ಮನೆ ಹಿಡಿಯಲು ನಿರ್ಧರಿಸಿದ್ದ. ಅಲ್ಲಿಯವರೆಗೆ ಮಾವ ಊಟಕ್ಕೆ ಕೂತಾಗಲೆಲ್ಲ, "ಬಂಡವಾಳದಾರರಿಗೆ ಇನ್ನೊಂದು ತುಂಡು ರೊಟ್ಟಿ ಹಾಕಮ್ಮ, ಪಾಪ, ದಣಿದಿದಾರೆ" ಎನ್ನುತ್ತಿದ್ದರು.

ಮೇಸ್ತ್ರಿ ಮಾಮಾಸೋಲಿ ಮೂವರು ಆಳುಗಳೊಂದಿಗೆ ಹಾಸಿಗೆ ಸಮೇತ ಬಂದ. ಮೊದಲು ಒಂದು ಗೋಡೆ ಕೆಡವಿದರು. ನಂತರ ಕಿಟಕಿಗೆ ಪರದೆ ಹಾಕಿಕೊಂಡರು. ಚಳಿಗಾಲಕ್ಕೆ ಮೇಸ್ತ್ರಿಯ ಹೆಂಡತಿ ಊರಿಂದ ಉಪ್ಪಿನಕಾಯಿ ಜಾಡಿ ಕಳಿಸಿದಳು. ಬಾಲ್ಕನಿಯಲ್ಲಿ ಲಾವಕ್ಕಿಯ ಪಂಜರ ತೂಗಿತು.

"ಅಣ್ಣಾ, ಎಲ್ಲ ಆಯ್ತಲ್ಲ?" ಎಂದ ಉಕ್ತಾಮ್.

"ಎಲ್ಲಿ ಆಯ್ತು ತಮ್ಮಾ? ಅಡುಗೆಮನೇಲಿ ಒಂದು ಟೈಲ್ಸ್ ವಾಲಿದೆ."

"ನೆಟ್ಟಗೇ ಇದೆಯಲ್ಲ!"

"ನಿನ್ನ ಕಣ್ಣಿಗೆ. ಬಾಡಿಗೆಗೆ ಬರೋರು ಸುಮ್ನೆ ಬಿಡ್ತಾರಾ?" ಮೇಸ್ತ್ರಿ ಅದನ್ನು ಕಿತ್ತಿಟ್ಟು, ಮನೆಗೆ ಬಂದವನೆಂದು ಉಕ್ತಾಮನಿಗೆ ಚಹಾ ಕೊಟ್ಟ.

ಉಕ್ತಾಮ್ ಕೇರಿಯ ಹಿರಿಯರ ಸಮಿತಿಗೆ ದೂರಿತ್ತ. ಸಮಿತಿಯು ಖುದ್ದಾಗಿ ಸ್ಥಳಕ್ಕೆ ಬಂದು, ಮೇಸ್ತ್ರಿ ಮಾಡಿದ ಪುಲಾವನ್ನು ಪರಿಶೀಲಿಸಿ, ಎರಡನೆಯ ಸಲವೂ ಬಡಿಸಿಕೊಂಡು ಪರಿಶೀಲಿಸಿ, ಈ ಕೆಳಕಂಡಂತೆ ತೀರ್ಮಾನಿಸಿತು: ಕೆಲಸಗಾರರು ಇರುವ ಮನೆಯನ್ನು ದುರಸ್ತಿಯಲ್ಲಿರುವ ಮನೆಯೆಂದು ಪರಿಗಣಿಸತಕ್ಕದ್ದು. ದುರಸ್ತಿಯಲ್ಲಿರುವ ಮನೆಯಿಂದ ಕೆಲಸಗಾರರನ್ನು ಕಳಿಸತಕ್ಕದ್ದಲ್ಲ. ಅಂಥ ಮನೆಯಲ್ಲಿ ಕೆಲಸಗಾರರ ಹೊರತು ಬೇರಾರೂ ವಾಸಿಸತಕ್ಕದ್ದಲ್ಲ.

"ಹಾಗಾದ್ರೆ ನಾನು ಎಲ್ಲಿರ್ಲಿ ಯಜಮಾನರೇ?"

"ಮಾವನ ಮನೆ ಇದೆಯಲ್ಲಪ್ಪ," ಎಂದರು ಅಧ್ಯಕ್ಷರು ಕೈ ಒರೆಸಿಕೊಳ್ಳುತ್ತ.

ಸಮಿತಿ ಹೋದ ಮೇಲೂ ಉಕ್ತಾಮ್ ಅಲ್ಲೇ ನಿಂತಿದ್ದ. ಕೊನೆಗೆ ಕೇಳಿದ: "ಅಣ್ಣಾ, ನಿಮ್ಮ ಹತ್ರ ಕೆಲಸ ಖಾಲಿ ಇದೆಯಾ?"

ಮೇಸ್ತ್ರಿ ಅವನ ಅಂಗೈ ತಿರುಗಿಸಿ ನೋಡಿದ. "ಗಾರೆ ಕಲಸೋಕೆ ಬರುತ್ತಾ?"

"ಕಲೀತೀನಿ."

"ಮನೆಯೋಳಿಗೆ?"

"ಸುಣ್ಣ ಬಳಿಯೋಕೆ ಬರುತ್ತೆ."

ದಂಪತಿಗಳಿಗೆ ಬಾಲ್ಕನಿ ಪಕ್ಕದ ಕೋಣೆ ಸಿಕ್ಕಿತು. ಮಾವ ರೊಟ್ಟಿ ಕಟ್ಟಿಕೊಂಡು ನೋಡಲು ಬಂದರು. ಅಳಿಯ ಕೊನೆಗೂ ಬೇರೆ ಮನೆ ಮಾಡಿದನೆಂದು ಬೀದಿಯಲ್ಲೆಲ್ಲ ಹೇಳಿಕೊಂಡರು.

ವಸಂತದಲ್ಲಿ ಕೆಲಸ ಆಕಸ್ಮಿಕವಾಗಿ ಮುಗಿದುಹೋಯಿತು. ಗೋಡೆಗಳು ಹೊಳೆಯುತ್ತಿದ್ದವು, ಟೈಲ್ಸ್ ಎಲ್ಲ ನೆಟ್ಟಗಿದ್ದವು. ಮೇಸ್ತ್ರಿಯ ಮುಖ ಬಾಡಿತು.

ಉಕ್ತಾಮ್ ಎದ್ದು, ಒಂದು ಕಣ್ಣು ಮುಚ್ಚಿ ಅಡುಗೆಮನೆಯ ಗೋಡೆಯನ್ನು ದಿಟ್ಟಿಸಿದ.

"ಇದು ವಾಲಿದೆ," ಎಂದು ಉಳಿ ಎತ್ತಿಕೊಂಡ.