ಬೆಟ್ಟದ ಮೇಲೊಂದು ಖಾಲಿ ಕುರ್ಚಿ

ಹೆಂಡತಿ ಊರಿಗೆ ಹೋದರೆ ಗಂಡಸರು ಸುಖವಾಗಿರುತ್ತಾರೆಂಬ ಸುದ್ದಿಯನ್ನು ಹುಟ್ಟಿಸಿದವರು ಯಾರೋ ಗೊತ್ತಿಲ್ಲ. ನಾವಿರುವ ಡೊಂಬಿವಲಿಯಲ್ಲಿ ಅದನ್ನು ಉಳಿಸಿಕೊಂಡು ಬಂದವನು ಮಾತ್ರ ನಾನು. ಮಗಳ ಬಾಣಂತನಕ್ಕೆಂದು ನನ್ನವಳು ಅಹಮದಾಬಾದಿಗೆ ಹೊರಟಾಗ, ನಿಶ್ಚಿಂತೆಯಿಂದ ಹೋಗು, ನನಗೂ ಸ್ವಲ್ಪ ಸ್ವಾತಂತ್ರ್ಯ ಸಿಗಲಿ ಎಂದು ಸ್ಟೇಷನ್ನಿನಲ್ಲಿ ನಾಲ್ಕು ಜನ ಕೇಳುವಂತೆ ಹೇಳಿದ್ದೆ. ತಿಂಗಳು ಕಳೆಯುವುದರೊಳಗೆ ಕುಕ್ಕರ್ ಕೂಗಿದರೂ ನಾನು 'ಬಂದೆ' ಎನ್ನತೊಡಗಿದ್ದೆ. ಹಾಗೆಂದು ವಾಪಸು ಬಾ ಎಂದು ಬಾಯಿಬಿಟ್ಟು ಕರೆಯುವುದುಂಟೇ? ಅದರ ಬದಲು ಕಲ್ಯಾಣದಿಂದ ಬಸ್ಸು ಹತ್ತಿ, ಮುರಬಾಡದ ಆಚೆ ಬೆಟ್ಟದ ಮೇಲಿರುವ ಸಾಹಸಕ್ರೀಡೆಗಳ ಲಾಡ್ಜೊಂದಕ್ಕೆ ಹೋದೆ. ಅಲ್ಲಿಂದ ಫೋಟೋ ಕಳಿಸಿದರೆ ಹೊಟ್ಟೆಕಿಚ್ಚಿಗಾದರೂ ಬೇಗ ಬಂದಾಳು ಎಂಬುದು ನನ್ನ ಲೆಕ್ಕಾಚಾರ.

ಮಣ್ಣಿನ ಗೋಡೆಯ ಕೋಣೆ, ಹಗ್ಗದ ಮಂಚ, ಬಾಗಿಲು ತೆರೆದರೆ ಕಣಿವೆ. ಉಳಿದವರೆಲ್ಲ ಘೋಡಬಂದರ್ ರಸ್ತೆ ಕಡೆಯ ಯಾವುದೋ ಆಫೀಸಿನ ಎಳೆಯರು. ಕಣಿವೆಗೆ ಅಡ್ಡ ಕಟ್ಟಿದ ತಂತಿಯಲ್ಲಿ ಒಬ್ಬೊಬ್ಬರೇ ತೇಲಿಹೋಗುವಾಗ ಉಳಿದವರು ಈಚೆ ನಿಂತು ಹುರಿದುಂಬಿಸುತ್ತಿದ್ದರು. ನನ್ನ ಸರದಿ ಬಂದಾಗ ಕೂಗುವವರಿಲ್ಲದೆ ಆ ಕೆಲಸವನ್ನೂ ನಾನೇ ಮಾಡಿಕೊಂಡೆ. ನನ್ನ ಸೊಂಟಕ್ಕೆ ಪಟ್ಟಿ ಬಿಗಿದ ಲಾಡ್ಜಿನವನು ಕನಿಕರಪಟ್ಟು ನನ್ನ ಫೋನಿನಲ್ಲೇ ಒಂದು ಫೋಟೋ ತೆಗೆದುಕೊಟ್ಟ.

ನಿಜವಾದ ಫಜೀತಿ ಆದದ್ದು ಊಟದ ಚಪ್ಪರದಲ್ಲಿ. ಸುತ್ತ ಅಷ್ಟೊಂದು ಕುರ್ಚಿಗಳು ಖಾಲಿಯಿದ್ದರೂ, ಕೈತೊಳೆಯಲು ಏಳುವಾಗ ನಾನು ಪಕ್ಕದ ಕುರ್ಚಿಗೆ ಕರವಸ್ತ್ರ ಹಾಕಿದ್ದೆ. ಲೋಕಲ್ ರೈಲಿನಲ್ಲಿ ನಮ್ಮವರಿಗೆ ಸೀಟು ಹಿಡಿದು ಹಿಡಿದು ಡೊಂಬಿವಲಿಯವರ ಕೈಗೆ ಅಂಟಿದ ಚಾಳಿ ಅದು. ಬಡಿಸುವ ಮರಾಠಿ ಹೆಂಗಸು, ಯಾರಾದರೂ ಬರುವವರಿದ್ದಾರಾ ಕಾಕಾ ಎಂದು ಕೇಳಿದಳು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ, ಹೌದೆಂದು ತಲೆಯಾಡಿಸಿದೆ. ಅವಳು ಇನ್ನೊಂದು ತಟ್ಟೆಯಿಟ್ಟು, ಅದಕ್ಕೂ ಭಾಕರಿ ರೊಟ್ಟಿ ಬಡಿಸಿ, ಆರದಿರಲೆಂದು ಮುಚ್ಚಿಟ್ಟು ಹೋದಳು. ಅನ್ನ ದಂಡ ಮಾಡಬಾರದೆಂದು ಎರಡನ್ನೂ ನಾನೇ ತಿಂದೆ. ಉಪ್ಪು ಕಮ್ಮಿಯೇ ಎಂದು ಕೇಳುವವರೂ ಪಕ್ಕದಲ್ಲಿಲ್ಲವಲ್ಲ ಎಂದು ಅಳುವೇ ಬಂತು.

ಸಿಗ್ನಲ್ ಸಿಗುವ ಬಂಡೆಯೊಂದನ್ನು ಏದುಸಿರು ಬಿಡುತ್ತ ಹತ್ತಿ ಫೋಟೋ ಕಳಿಸಿದೆ. ತಂತಿಗೆ ಜೋತುಬಿದ್ದು, ಜೀವಭಯದಿಂದ ಬಾಯಿ ಅಗಲಿಸಿ ಕಿರುಚುತ್ತಿದ್ದ ಫೋಟೋ. ತಕ್ಷಣ ಅವಳ ಫೋನು ಬಂತು.

"ಎಷ್ಟು ಚಂದ ನಗಾಡ್ತಾ ಇದ್ದೀರಿ ಮಾರಾಯ್ರೆ. ಒಬ್ಬರೇ ಬೇಜಾರು ಮಾಡ್ಕೊಂಡಿದ್ದೀರೇನೋ ಅಂತ ಮುಂದಿನ ವಾರವೇ ಹೊರಡುವ ಅಂತಿದ್ದೆ. ಈಗ ಸಮಾಧಾನ ಆಯ್ತು. ಮಗುವಿನ ಅನ್ನಪ್ರಾಶನ ಮುಗಿಸಿಯೇ ಬರ್ತೇನೆ, ಆಗದಾ?"

ಮುಂದಿನ ವಾರವೇ ಬಾ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

"ನಿಧಾನಕ್ಕೆ ಬಾ," ಎಂದೆ. "ನನಗಿಲ್ಲಿ ಭಾರೀ ಮಜಾ ಉಂಟು."