ಆಚಾರ್ಯರ ದ್ವಿವಚನ ಎಣಿಸಿದ್ದು

೧೯೫೮, ಜುಲೈ ೧೩, ರವಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಇಂಡಿ.

ಎಣಿಸುವ ಚಟ ಇದ್ದವನಿಗೆ ತನ್ನ ನಾಚಿಕೆಯನ್ನೂ ಎಣಿಸಿಯೇ ನೋಡಬೇಕೆನ್ನಿಸುತ್ತದೆ. ಈ ವಾರ ನಾನು ಆಚಾರ್ಯರ ಮುಖ ನೋಡಲಾರದೆ ತಲೆ ತಗ್ಗಿಸಿದ್ದು ಇಪ್ಪತ್ತೆರಡು ಸಲ. ಇದಕ್ಕೆ ಮೊದಲು ನನ್ನ ಲೆಕ್ಕದಿಂದ ಯಾರಿಗೂ ನೋವಾದದ್ದಿಲ್ಲ. ಸಾಲೋಟಗಿಗೆ ಸೈಕಲ್ ತುಳಿದು ಹೋಗಿ ಶಾಸನದ ಸಾಲುಗಳನ್ನು ಎರಡೆರಡು ಸಲ ಎಣಿಸಿದ್ದೇನೆ. ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂತು, ಕಲ್ಲು ತುಟಿಪಿಟಕ್ಕೆನ್ನಲಿಲ್ಲ. ಮನುಷ್ಯರೂ ಹಾಗೇ ಇರುತ್ತಾರೆಂದು ತಿಳಿದದ್ದು ನನ್ನ ತಪ್ಪು.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಮಾಸ್ತರ. ಸಂಸ್ಕೃತ ಕಲಿಸಿ ನಿವೃತ್ತರಾದ ಆಚಾರ್ಯರ ಮನೆಯ ಹೊರಕೋಣೆಯಲ್ಲಿ ನನ್ನ ವಾಸ, ಊಟವೂ ಅವರಲ್ಲೇ. ಆಚಾರ್ಯರದೊಂದು ವ್ರತವಿದೆ. ಬೆಳಿಗ್ಗೆ ಸ್ನಾನ ಮಾಡಿ ಮಡಿ ಉಟ್ಟರೆಂದರೆ ಊಟ ಮುಗಿಯುವ ತನಕ ಸಂಸ್ಕೃತ ಬಿಟ್ಟು ಬೇರೆ ಮಾತಿಲ್ಲ. ದೇವರೊಡನೆ ಅಷ್ಟೇ ಅಲ್ಲ, ಆಕಳೊಡನೆ, ಕಾಯಿಪಲ್ಯೆ ಮಾರುವವಳೊಡನೆ, ಹೆಂಡತಿ ಗೋದಕ್ಕನೊಡನೆ ಕೂಡ. ಗೋದಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ನಲವತ್ತು ವರ್ಷ ಕೇಳಿ ಕೇಳಿ ಅವರಿಗೆ ಎಲ್ಲವೂ ತಿಳಿಯುತ್ತದೆ. ಉತ್ತರ ಮಾತ್ರ ಕನ್ನಡದ್ದು. "ಲವಣಂ ನಾಸ್ತಿ" ಎಂದು ಆಚಾರ್ಯರು ಅಂದರೆ, "ಹಾಕೀನಿ, ನೆಟ್ಟಗ ಕಲಸ್ಕೊಂಡು ಉಣ್ರಿ" ಎಂದು ಒಳಗಿನಿಂದ ಬರುತ್ತದೆ.

ಜೂನ್ ತಿಂಗಳಲ್ಲಿ ಗೆಳೆಯನೊಬ್ಬ ಭಾಷೆಗಳ ಇತಿಹಾಸದ ಇಂಗ್ಲಿಷ್ ಪುಸ್ತಕವೊಂದನ್ನು ಓದಲು ಕೊಟ್ಟ. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಹಳೆಯ ಫಾರಸಿ ಎಲ್ಲ ಒಂದೇ ತಾಯಿಯ ಮಕ್ಕಳಂತೆ. ಆ ತಾಯಿಯ ಬಳಿ ಏಕವಚನ, ಬಹುವಚನಗಳ ನಡುವೆ ಎರಡಕ್ಕೇ ಮೀಸಲಾದ ದ್ವಿವಚನವಿತ್ತು. ಮಕ್ಕಳು ಒಬ್ಬೊಬ್ಬರಾಗಿ ಅದನ್ನು ಕಳೆದುಕೊಂಡರು. ಗ್ರೀಕರು ಕೆಲಕಾಲ ಹಿಡಿದುಕೊಂಡು ಆಮೇಲೆ ಕೈಬಿಟ್ಟರು. ಲ್ಯಾಟಿನ್ನಿನಲ್ಲಿ ಒಂದೆರಡು ಪದಗಳಲ್ಲಷ್ಟೇ ಅದರ ಗುರುತು ಉಳಿಯಿತು. ನಮ್ಮ ಪಾಳಿ, ಪ್ರಾಕೃತಗಳೂ ಬಿಟ್ಟವು. ಆಡುವ ಬಾಯಿಯಲ್ಲಿ ಅದು ಸವೆದುಹೋಗುತ್ತದೆ ಎಂದು ಪುಸ್ತಕ ಹೇಳಿತು. ನನಗೆ ಮೈ ಜುಮ್ಮೆಂದಿತು. ದಿನಾಲೂ ಸಂಸ್ಕೃತ ಆಡುವ ಬಾಯಿಯೊಂದು ನನ್ನ ಕಿಟಕಿಯ ಹೊರಗೇ ಇತ್ತಲ್ಲ!

ಜೂನ್ ೧೬ರಂದು ದಿನಚರಿಯಲ್ಲಿ ಎರಡು ಅಂಕಣ ಎಳೆದೆ: 'ಇಟ್ಟದ್ದು', 'ಬಿಟ್ಟದ್ದು'. ಹತ್ತೊಂಬತ್ತು ದಿನ ಕಿಟಕಿಗೆ ಕಿವಿ ಹಚ್ಚಿದೆ. ಎರಡರ ಪ್ರಸಂಗ ಬಂದದ್ದು ಅರವತ್ತನಾಲ್ಕು ಸಲ. ಆಚಾರ್ಯರು ದ್ವಿವಚನ ಇಟ್ಟದ್ದು ಐವತ್ತಮೂರು, ಮರೆತು ಬಹುವಚನಕ್ಕೆ ಹೋದದ್ದು ಹನ್ನೊಂದು. ಒಲೆಯ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಅವರು "ಮಮ ನೇತ್ರಾಣಿ!" ಎಂದು ತಮ್ಮ ಎರಡೇ ಕಣ್ಣುಗಳನ್ನು ಬಹುವಚನದಲ್ಲಿ ಕೂಗಿದ ದಿನ, ನಾನು ನೀರು ತಂದುಕೊಡುವುದನ್ನು ಬಿಟ್ಟು ಗೀಟು ಹಾಕಿದೆ.

ನನ್ನ ದಿನಚರಿಯಲ್ಲಿ ಯಾವ ತಾರೀಖು ಬೇಕಾದರೂ ಸಿಗುತ್ತದೆ ಎಂದು ನಾನೇ ಜಂಬ ಕೊಚ್ಚಿದ್ದೆ. ಜುಲೈ ೫ರಂದು, ಆಕಳು ಈದದ್ದು ಯಾವತ್ತು ಎಂದು ನೋಡಲು ಆಚಾರ್ಯರು ಅದನ್ನು ತೆರೆದರು. ನಾನು ಶಾಲೆಯಿಂದ ಬಂದಾಗ ಅದು ನನ್ನ ಹಾಸಿಗೆಯ ಮೇಲೆ ಅಚ್ಚುಕಟ್ಟಾಗಿ ಮುಚ್ಚಿ ಇಟ್ಟಿತ್ತು. ಮರುದಿನದಿಂದ ಮಡಿಯಲ್ಲಿ ಬರೀ ಕೈಸನ್ನೆ. ಒಂಬತ್ತರ ಬೆಳಿಗ್ಗೆ, ಮಡಿಯಲ್ಲಿದ್ದಾಗಲೇ ಅವರು ಕನ್ನಡದಲ್ಲಿ ಅಂದರು: "ಗೋದಾ, ನೀರು ತಾ."

ಗೋದಕ್ಕ ತಂಬಿಗೆಯನ್ನು ಅಲ್ಲೇ ಕುಕ್ಕಿ ನನ್ನ ಬಾಗಿಲಿಗೆ ಬಂದರು. "ಅದೇನ್ ಬರದೀರಿ ಮಾಸ್ತರ? ದನದ ಕೊಟ್ಟಿಗಿಗೆ ಬೆಂಕಿ ಹತ್ತಿದಾಗ ಸುದ್ಧಾ ಅವರು ಸಂಸ್ಕೃತದಾಗೇ ಒದರಿದ್ರು!"

ಪಕ್ಕದ ಮನೆಯ ಮುನ್ಶಿ ಸಾಹೇಬರು ಆಚಾರ್ಯರ ಗೆಳೆಯರು, ಉರ್ದು ಶಾಲೆಯ ನಿವೃತ್ತ ಶಿಕ್ಷಕರು. ಅವರು ಗೋಡೆಯಾಚೆಯಿಂದಲೇ ಹೇಳಿದರು: "ನಮ್ಮ ಫಾರಸಿ ಈ ಎರಡರ ಗೊಡವಿ ಬಿಟ್ಟು ಯಾವ ಕಾಲ ಆತೋ, ಯಾರೂ ಅತ್ತಿಲ್ಲ. ಆದ್ರ ಮಾಸ್ತರ, ಉಣ್ಣಾಕ ನೀಡಿದವರ ಮಾತಿಗಿ ಗೀಟು ಹಾಕ್ತಾರೇನ್ರಿ?"

ಹತ್ತರ ಸಂಜೆ ಆಚಾರ್ಯರ ಮುಂದೆ ಕುಳಿತು, ಪುಸ್ತಕದ ಆ ಪುಟ ತೆರೆದು ಅವರ ಕೈಗೆ ಕೊಟ್ಟೆ. "ಇವು ತಪ್ಪಲ್ರಿ ಆಚಾರ್ಯರ. ಬದಲಾವಣೆ. ಎಲ್ಲಾ ಭಾಷಾದಾಗೂ ಆಗೇದ."

"ನನ್ನ ಬಾಯಾಗ ಹನ್ನೊಂದು ಸಲ ಆತೇನು?"

"ಹೌದ್ರಿ."

"ಗ್ರೀಕ ಮಂದಿ ಬೇಕಾದ್ರ ಬಿಡ್ಲಿ. ನಾ ಇರೂತನಕಾ ನನ್ನ ಮನ್ಯಾಗ ಅದು ಸಾಯೂದು ಬ್ಯಾಡ." ಪುಸ್ತಕವನ್ನು ನನ್ನ ಕೈಗಿತ್ತು ಎದ್ದುಹೋದರು. ಕ್ಷಮೆ ಕೇಳಲು ಹೋದವನು ಪುಟಸಂಖ್ಯೆ ಹೇಳಿ ಬಂದಿದ್ದೆ.

ಹನ್ನೊಂದರ ಬೆಳಿಗ್ಗೆ ಸಂಸ್ಕೃತ ಮರಳಿ ಬಂತು, ಆದರೆ ಜೋಡಿ ಜೋಡಿಯಾಗಿ. "ಘಟೌ ಆನಯ!" ಒಂದು ಕೊಡ ನೀರು ಸಾಕಾಗುತ್ತಿದ್ದಲ್ಲಿ ಈಗ ಎರಡು. ಸಾರಿಗೆ ಅರ್ಧ ಲಿಂಬೆ ಬೇಕಾದರೆ "ಜಂಬೀರೇ", ಅಂದರೆ ಎರಡು. ಎರಡು ದೀಪ, ಎರಡು ಮಣೆ. ಎಲ್ಲವನ್ನೂ ನನ್ನ ಕಿಟಕಿಗೆ ಮುಖ ಮಾಡಿ, ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಾರೆ. ಮೂರು ದಿನದಲ್ಲಿ ನಲವತ್ತೊಂದು ದ್ವಿವಚನ, ಬಿಟ್ಟದ್ದು ಸೊನ್ನೆ. (ಹೌದು, ಎಣಿಸಿದೆ.) ಸಾವಿರಾರು ವರ್ಷಗಳ ಸವೆತವನ್ನು ನೋಡಹೋದವನು ಅದನ್ನು ಒಂದೇ ವಾರದಲ್ಲಿ ಹಿಂದಕ್ಕೆ ತಿರುಗಿಸಿದ್ದೇನೆ. ಆದರೆ ಮೊದಲು ಆಚಾರ್ಯರು ಆಕಳಿಗೆ ಏನೇನೋ ಹೇಳುತ್ತ ತಾವೇ ನಗುತ್ತಿದ್ದರು. ಈಗ ಪ್ರತಿ ಮಾತಿಗೂ ಮುಂಚೆ ಒಂದು ಕ್ಷಣ ತಡೆಯುತ್ತಾರೆ. ಆ ತಡೆಗೆ ನನ್ನ ದಿನಚರಿಯಲ್ಲಿ ಅಂಕಣವಿಲ್ಲ.

ಇವತ್ತು ಬೆಳಿಗ್ಗೆ ಗೋದಕ್ಕ ಬಾವಿಯಿಂದ ಕರೆದರು. "ಒಂದು ಕೊಡ ನಂದು. ಇನ್ನೊಂದು ನಿಮ್ಮ ಗೀಟಿಂದು. ಬರ್ರಿ, ಸೇದ್ರಿ." ಸೇದಿದೆ. ನಾಳೆಯೂ ಸೇದಬೇಕು.

ಆಡುವವರ ಮಾತನ್ನು ಕೆಡಿಸದೆ ಆ ಮಾತನ್ನು ಅಭ್ಯಾಸ ಮಾಡುವ ಬಗೆ ಯಾರಿಗಾದರೂ ಗೊತ್ತಿದ್ದರೆ ನನಗೆ ತಿಳಿಸಬೇಕು. ಪುಟಸಂಖ್ಯೆಯಿಲ್ಲದೆ ಕ್ಷಮೆ ಕೇಳುವುದು ಹೇಗೆಂದು ಬಲ್ಲವರೂ ಬರೆಯಬಹುದು. ಕಾರ್ಡು ಮಾತ್ರ ಬೇಡ, ಲಕೋಟೆಯೇ ಇರಲಿ; ಈ ಮನೆಗೆ ಬರುವ ಕಾರ್ಡನ್ನು ಮೊದಲು ಓದುವವರು ಆಚಾರ್ಯರು.